ಕಾಣದ ಗಾಳಿಗೆ ಬೆಳಕಿನ ಅಳತೆಗೋಲು

ಮಕ್ಕಳಿಗೆ ವಿಜ್ಞಾನ ಕಲಿಸುವವರಿಗೆ ಗಾಳಿಯಷ್ಟು ತೊಡಕಿನ ಪಾಠ ಬೇರೊಂದಿಲ್ಲವೆಂಬುದು ನನ್ನ ಅನುಭವ. ಕಲ್ಲನ್ನು ಮೇಜಿನ ಮೇಲಿಟ್ಟು ತೋರಿಸಬಹುದು; ನೀರನ್ನು ಲೋಟದಲ್ಲಿ ತುಂಬಿ ತೋರಿಸಬಹುದು. ಗಾಳಿಯನ್ನು ತೋರಿಸುವುದು ಹೇಗೆ? ಬೈಂದೂರು, ಕುಂದಾಪುರ, ಬ್ರಹ್ಮಾವರ ಹೀಗೆ ಕಡಲ ಬದಿಯ ಶಾಲೆಗಳಲ್ಲಿಯೇ ನನ್ನ ಸೇವಾವಧಿಯೆಲ್ಲ ಕಳೆಯಿತು. ಆ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಬ್ಬನಾದರೂ "ಗಾಳಿ ಕಾಂಬುಕ್ ಆತ್ತಾ ಮಾಷ್ಟ್ರೆ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಹಾಗೆ ಕೇಳಿದವರಲ್ಲಿ ಕೆಲವರು ಇದನ್ನು ಓದುತ್ತಲೂ ಇರಬಹುದು. ಇಂದು ನಿಮ್ಮಲ್ಲಿ ಹಲವರು ದುಬೈ, ಮಸ್ಕತ್, ಮುಂಬಯಿ, ಅಮೆರಿಕ ಎಂದು ಹಂಚಿಹೋಗಿದ್ದೀರಿ. ಅದೇ ಕಾಣದ ಗಾಳಿಯ ಮೇಲೆ ಭಾರ ಹಾಕಿ ಊರಿಗೆ ಬಂದು ಹೋಗುತ್ತೀರಿ. ಆದ್ದರಿಂದ ಆ ಹಳೆಯ ಪಾಠವನ್ನು ಇಲ್ಲಿ ಇನ್ನೊಂದಿಷ್ಟು ಮುಂದುವರಿಸುತ್ತೇನೆ. ಹಾರುವ ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಲೇಸರ್ ಬೆಳಕಿನಿಂದ ಅಳೆಯುವ ವಿದ್ಯೆಯೇ ಇಂದಿನ ವಿಷಯ.

ತರಗತಿಯಲ್ಲಿ ನಾನು ಕೊಡುತ್ತಿದ್ದ ಉತ್ತರ ಒಂದೇ: ಗಾಳಿ ಕಾಣುವುದಿಲ್ಲ, ಅದು ಹೊತ್ತೊಯ್ಯುವ ವಸ್ತು ಕಾಣುತ್ತದೆ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ಒಂದೋ ಎರಡೋ ಗಾಜಿನ ಹಂಚು ಹೊದೆಸುವುದು ರೂಢಿ. ಬೆಳಗಿನ ಹೊತ್ತು ಅದರ ಮೂಲಕ ಬಿಸಿಲಿನ ಕೋಲು ಓರೆಯಾಗಿ ಒಳಗಿಳಿಯುತ್ತದೆ. ಆ ಕೋಲಿನಲ್ಲಿ ಒಲೆಯ ಹೊಗೆ ಸುರುಳಿ ಸುತ್ತುವುದು, ಅಕ್ಕಿ ಗೇರುವಾಗ ಎದ್ದ ಧೂಳಿನ ಕಣಗಳು ಏರಿ ಇಳಿಯುವುದು ಚೆನ್ನಾಗಿ ಕಾಣುತ್ತದೆ. ಬಾಗಿಲು ತೆರೆದೊಡನೆ ಕಣಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಕೋಲಿನ ಹೊರಗೂ ಅಷ್ಟೇ ಕಣಗಳಿವೆ. ಬೆಳಕು ಬಿದ್ದಲ್ಲಿ ಮಾತ್ರ ಅವು ಕಣ್ಣಿಗೆ ಸಿಕ್ಕುತ್ತವೆ. ಒಂದು ಬೆಳಕಿನ ಕೋಲು, ಗಾಳಿಯಲ್ಲಿ ತೇಲುವ ಕಣ, ಬದಿಯಿಂದ ನೋಡುವ ಕಣ್ಣು: ಮುಂದೆ ಹೇಳಲಿರುವ ಯಂತ್ರಗಳ ತತ್ತ್ವವೆಲ್ಲ ಈ ಮೂರರಲ್ಲಿ ಅಡಗಿದೆ.

ವಿಮಾನಕ್ಕೆ ಗಾಳಿಯ ಅಳತೆ ಏಕೆ ಬೇಕು? ಹೊಳೆಯ ಸೆಳೆತಕ್ಕೆ ಎದುರಾಗಿ ದೋಣಿ ಹುಟ್ಟು ಹಾಕುವವನಿಗೆ ಇದು ಬೇಗ ತಿಳಿಯುತ್ತದೆ. ದಡಕ್ಕೆ ಹೋಲಿಸಿದರೆ ಅವನ ವೇಗ ಒಂದು, ನೀರಿಗೆ ಹೋಲಿಸಿದರೆ ಇನ್ನೊಂದು. ವಿಮಾನದ ರೆಕ್ಕೆಯನ್ನು ಎತ್ತಿ ಹಿಡಿಯುವುದು ಅದರ ಮೇಲೆ ಕೆಳಗೆ ಹರಿಯುವ ಗಾಳಿ. ಆದ್ದರಿಂದ ಪೈಲಟ್ ಮೊದಲು ತಿಳಿಯಬೇಕಾದದ್ದು ಗಾಳಿಗೆ ಹೋಲಿಸಿದ ವೇಗ. ಅದು ಸಾಲದಾದರೆ, ಅಥವಾ ರೆಕ್ಕೆ ಹೆಚ್ಚು ಓರೆಯಾಗಿ ಗಾಳಿಯ ಹರಿವು ಮೇಲ್ಮೈಯನ್ನು ಬಿಟ್ಟು ಎದ್ದುಹೋದರೆ, ರೆಕ್ಕೆ ಭಾರ ಹೊರಲಾರದು.

ಈ ವೇಗವನ್ನು ಅಳೆಯುವ ಉಪಕರಣ ವಿಮಾನಕ್ಕಿಂತ ಬಹಳ ಹಳೆಯದು. 1732ರಲ್ಲಿ ಹೆನ್ರಿ ಪಿಟೋ ಎಂಬ ಫ್ರೆಂಚ್ ಎಂಜಿನಿಯರ್ ಬಾಗಿದ ಗಾಜಿನ ಕೊಳವೆಯೊಂದನ್ನು ಸೆನ್ ನದಿಯಲ್ಲಿ, ಬಾಯಿ ಹರಿವಿಗೆ ಎದುರಾಗುವಂತೆ ಇಳಿಸಿದ. ಹರಿವಿನ ಒತ್ತಡಕ್ಕೆ ನೀರು ಕೊಳವೆಯೊಳಗೆ ಮೇಲೇರಿತು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಸುಮಾರು 5 ಸೆಂ.ಮೀ. ಏರುತ್ತದೆ, ವೇಗ ಇಮ್ಮಡಿಯಾದರೆ ಏರಿಕೆ ನಾಲ್ಮಡಿಯಾಗುತ್ತದೆ. ನಮ್ಮ ಶಾಲೆಯ ಹತ್ತಿರದ ತೋಡಿನಲ್ಲಿ ಮಕ್ಕಳಿಂದ ಇದನ್ನು ಮಾಡಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿದ್ದೀತು. ಇಂದಿನ ಪ್ರಯಾಣಿಕ ವಿಮಾನಗಳ ಮೂಗಿನ ಬಳಿ ಬೆರಳುದ್ದಕ್ಕೆ ಚಾಚಿಕೊಂಡಿರುವ ಕೊಳವೆಗಳು ಆ ಪಿಟೋ ಕೊಳವೆಯ ವಂಶದವೇ.

ಈ ಕೊಳವೆ ಸರಳ, ಗಟ್ಟಿ, ನಂಬಿಕಸ್ಥ. ಆದರೆ ಅದಕ್ಕೊಂದು ಬಾಯಿ ಇದೆ, ಆ ಬಾಯಿ ಕಟ್ಟಬಹುದು. ನಮ್ಮ ಮನೆಗಳ ಬೀಗದ ತೂತಿನಲ್ಲಿ, ಖಾಲಿ ಕೊಳವೆಗಳಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುವ ಕುಂಬಾರ ಹುಳುವನ್ನು ಎಲ್ಲರೂ ಬಲ್ಲಿರಿ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬರ್ಗೆನ್ ಏರ್ ಸಂಸ್ಥೆಯ ಬೋಯಿಂಗ್ 757 ವಿಮಾನ ಕಡಲಿಗೆ ಬಿದ್ದು 189 ಮಂದಿ ತೀರಿಕೊಂಡರು. ಒಂದು ಪಿಟೋ ಕೊಳವೆ ಕಟ್ಟಿಹೋಗಿ ವೇಗ ತಪ್ಪಾಗಿ ತೋರಿಸಿದ್ದೇ ಆರಂಭ. ಕೊಳವೆಯಲ್ಲಿ ಅಂಥದೇ ಹುಳು ಗೂಡು ಕಟ್ಟಿದ್ದಿರಬೇಕೆಂಬುದು ತನಿಖೆಯ ಊಹೆ. ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ 2009ರ ಜೂನ್ 1ರಂದು ಹಿಮದ ಹರಳುಗಳು ಕೊಳವೆಗಳನ್ನು ಮುಚ್ಚಿದವು. ವೇಗದ ಅಂಕೆಗಳು ಒಂದಕ್ಕೊಂದು ತಾಳೆಯಾಗದೆ ಸ್ವಯಂಚಾಲಕ ಕೈಬಿಟ್ಟಿತು. ಕೊಳವೆಗಳು ಸ್ವಲ್ಪ ಹೊತ್ತಿನಲ್ಲೇ ಸರಿಯಾದವು. ಆದರೆ ಆ ಗೊಂದಲದಲ್ಲಿ ವಿಮಾನದ ಮೂಗು ಮೇಲಕ್ಕೆತ್ತಿ, ರೆಕ್ಕೆಗಳ ಮೇಲಿನ ಹರಿವು ಕಳಚಿಹೋಗಿತ್ತು. 228 ಮಂದಿ ಅಟ್ಲಾಂಟಿಕ್ ಸಾಗರದ ಪಾಲಾದರು.

ಕೊಳವೆಗೆ ಇನ್ನೊಂದು ಮಿತಿಯೂ ಇದೆ. ಅದು ತಾನು ಅಳೆಯಬೇಕಾದ ಹರಿವಿನಲ್ಲಿಯೇ ನಿಂತು ಹರಿವನ್ನು ಕದಡುತ್ತದೆ. ಉಪಾಧ್ಯಾಯರಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ಸ್‌ಪೆಕ್ಟರರು ತರಗತಿಗೆ ಬಂದು ಕುಳಿತ ದಿನ ಅವರು ನೋಡುವುದು ನಿತ್ಯದ ತರಗತಿಯನ್ನಲ್ಲ. ಇನ್ಸ್‌ಪೆಕ್ಟರರು ಬಂದಿರುವ ತರಗತಿಯನ್ನು. ಗಲಾಟೆಯ ಹುಡುಗ ಕೈಕಟ್ಟಿ ಕುಳಿತಿರುತ್ತಾನೆ, ಮಾತಾಡುವ ಹುಡುಗಿ ಮೂಕಿಯಾಗಿರುತ್ತಾಳೆ, ಮಾಷ್ಟ್ರ ಕನ್ನಡವೂ ಪುಸ್ತಕದ್ದಾಗಿರುತ್ತದೆ! ರೆಕ್ಕೆಯ ಹಿಂದೆ ಸುತ್ತುವ ಸುಳಿಯೊಳಗೆ ಲೋಹದ ಕಡ್ಡಿಯೊಂದನ್ನು ತೂರಿಸಿದರೆ ಸುಳಿಯೂ ಹಾಗೆಯೇ ಬದಲಾಗಿಬಿಡುತ್ತದೆ. ಮುಟ್ಟದೆ ಅಳೆಯುವ ಉಪಾಯ ಬೇಕಾಗಿತ್ತು. ಅದನ್ನು ಒದಗಿಸಿದ್ದು ಲೇಸರ್.

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1964ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಯೇ ಮತ್ತು ಕಮ್ಮಿನ್ಸ್ ಎಂಬವರು ಕೊಳವೆಯಲ್ಲಿ ಹರಿಯುವ ನೀರಿನ ವೇಗವನ್ನು ಅದರಿಂದ ಅಳೆದು ತೋರಿಸಿದರು. ಈ ವಿಧಾನಕ್ಕೆ ಲೇಸರ್ ಡಾಪ್ಲರ್ ವೆಲಾಸಿಮೆಟ್ರಿ ಎಂದು ಹೆಸರು. ಹೆಸರು ಭಾರವಾದದ್ದು, ವಿಷಯ ಹಗುರ. ಸಂಜೆ ಬಸ್ಸಿನಲ್ಲಿ ಹೋಗುವಾಗ ಪಡುವಣದ ತೆಂಗಿನ ಸಾಲಿನ ಎಡೆಯಿಂದ ಬಿಸಿಲು ಮುಖಕ್ಕೆ ಬಿದ್ದು, ಮರೆಯಾಗಿ, ಮತ್ತೆ ಬೀಳುವುದನ್ನು ಗಮನಿಸಿದ್ದೀರಲ್ಲ? ಮರಗಳ ನಡುವಿನ ಅಂತರ 5 ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 3 ಬಾರಿ ಬಿಸಿಲು ಮಿನುಗಿದರೆ ಬಸ್ಸಿನ ವೇಗ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ. ಡ್ರೈವರನ ಮುಂದಿನ ಮುಳ್ಳನ್ನು ನೋಡದೆಯೇ ವೇಗ ತಿಳಿಯಿತು.

ಲೇಸರ್ ಮಾಡುವುದೂ ಇದನ್ನೇ. ಒಂದೇ ಲೇಸರಿನ ಬೆಳಕನ್ನು ಎರಡು ಎಳೆಯಾಗಿ ಸೀಳಿ, ಅವು ಒಂದು ಬಿಂದುವಿನಲ್ಲಿ ಹಾಯುವಂತೆ ಮಾಡಿದರೆ, ಅಲ್ಲಿ ಬೆಳಕು ಕತ್ತಲೆಗಳ ಸಣ್ಣ ಗೆರೆಗಳ ಸಾಲು ಮೂಡುತ್ತದೆ. ಹೀಲಿಯಂ-ನಿಯಾನ್ ಲೇಸರಿನ ಕೆಂಬೆಳಕಿನ ತರಂಗದೂರ 632.8 ನ್ಯಾನೊಮೀಟರ್. ಎರಡು ಎಳೆಗಳ ನಡುವಿನ ಕೋನ 5 ಡಿಗ್ರಿ ಇದ್ದರೆ ಗೆರೆಯಿಂದ ಗೆರೆಗೆ 7.25 ಮೈಕ್ರೊಮೀಟರ್, ಒಂದು ಮಿಲಿಮೀಟರಿನಲ್ಲಿ ಸುಮಾರು 138 ಗೆರೆಗಳು. ಗಾಳಿಯಲ್ಲಿ ತೇಲುವ ಕಣವೊಂದು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಈ ಗೆರೆಗಳನ್ನು ದಾಟಿದರೆ ಅದು ಸೆಕೆಂಡಿಗೆ 69 ಲಕ್ಷ ಬಾರಿಯ ಲೆಕ್ಕದಲ್ಲಿ ಮಿನುಗುತ್ತದೆ. ಕಣ್ಣಿಗೆ ಇದು ಎಟುಕದು. ಬೆಳಕನ್ನು ವಿದ್ಯುತ್ತಾಗಿಸುವ ಸಾಧನಕ್ಕೆ ಸುಲಭವಾಗಿ ಎಟುಕುತ್ತದೆ. ಕಣ ಮಾತ್ರ ಒಂದು ಮೈಕ್ರೊಮೀಟರಿನ ಆಸುಪಾಸಿನಷ್ಟು ಸಣ್ಣದಿರಬೇಕು. ದೊಡ್ಡದಾದರೆ ಗಾಳಿ ತಿರುಗಿದಲ್ಲಿ ತಾನು ತಿರುಗದೆ ನೆಟ್ಟಗೆ ಹೋಗಿಬಿಡುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ. ಬೈಂದೂರು ಕಡೆಯ ಮೀನುಗಾರರ ಮನೆಯ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿದ್ದ. ಒಮ್ಮೆ ಹೋದಾಗ ಕರೆದೊಯ್ದು ತೋರಿಸಿದ. ಕಪ್ಪು ಪರದೆ ಎಳೆದ ಕೋಣೆ. ಕಣ್ಣಿಗೆ ಬಣ್ಣದ ಕನ್ನಡಕ ಕೊಟ್ಟ. ಗಾಜಿನ ಬದಿಯ ಗಾಳಿಸುರಂಗದೊಳಗೆ ಅಂಗೈಯಗಲದ ರೆಕ್ಕೆಯ ಮಾದರಿ. ಮೇಲಿನಿಂದ ಹಾಳೆಯಂತೆ ಇಳಿದ ಹಸಿರು ಲೇಸರ್. ಎಣ್ಣೆಯ ತೆಳು ಹೊಗೆ. ರೆಕ್ಕೆಯನ್ನು ಮೆಲ್ಲನೆ ಓರೆ ಮಾಡುತ್ತ ಹೋದ. ಅಷ್ಟು ಹೊತ್ತು ಬೆನ್ನಿಗಂಟಿ ಜಾರುತ್ತಿದ್ದ ಹೊಗೆ ಒಂದು ಹಂತದಲ್ಲಿ ತಟ್ಟನೆ ಎದ್ದು, ಕದಡಿ, ಹಿಂದೆ ಸುಳಿ ಸುಳಿಯಾಗಿ ಚೆಲ್ಲಿತು. "ಇದೇ ಸರ್ ಸ್ಟಾಲ್. ನೀವು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದು" ಎಂದ. ಕ್ಷಣದ ಅಂತರದಲ್ಲಿ ಎರಡು ಸಲ ಲೇಸರ್ ಮಿಂಚಿಸಿ ಎರಡು ಚಿತ್ರ ತೆಗೆದು, ಕಣಗಳು ಎಷ್ಟು ಸರಿದವೆಂದು ಗಣಕದಲ್ಲಿ ಹೋಲಿಸಿದರೆ ಇಡೀ ಹರಿವಿನ ನಕ್ಷೆಯೇ ಸಿಗುತ್ತದೆಂದು ವಿವರಿಸಿದ. ನಾನು ವರ್ಷಗಟ್ಟಲೆ ಸುಣ್ಣದ ಕಡ್ಡಿಯಿಂದ ಬರೆದದ್ದು ಅಲ್ಲಿ ನಿಜವಾಗಿ ನಡೆಯುತ್ತಿತ್ತು. ಹೆಚ್ಚೇನೂ ಮಾತಾಡಲು ನನಗೆ ಆಗಲಿಲ್ಲ.

ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ನೆಲೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರು ಗಾಳಿಸುರಂಗಗಳನ್ನು ಕಟ್ಟಿಸಿ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. 1959ರಲ್ಲಿ ದೆಹಲಿಯಲ್ಲಿ ಹುಟ್ಟಿ ಮರುವರ್ಷ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಲ್ಲಿ 1.2 ಮೀಟರ್ ಗಾಳಿಸುರಂಗ ಕೆಲಸ ಆರಂಭಿಸಿತು. ಒತ್ತಿ ತುಂಬಿಟ್ಟ ಗಾಳಿಯನ್ನು ಒಮ್ಮೆಲೇ ಬಿಟ್ಟು, ಶಬ್ದದ ವೇಗದ ಸುಮಾರು ನಾಲ್ಕು ಪಟ್ಟಿನವರೆಗೆ ಅಲ್ಲಿ ಹರಿಸಬಹುದು. ನಮ್ಮ ರಾಕೆಟ್ಟುಗಳ ಮಾದರಿಗಳೂ, 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನದ ಮಾದರಿಗಳೂ ಆ ಸುರಂಗದ ಗಾಳಿಗೆ ಎದೆಯೊಡ್ಡಿದಂಥವು. ಗಾಳಿಯ ಹರಿವು ಶಾಂತತೆಯಿಂದ ಕ್ಷೋಭೆಗೆ ಹೊರಳುವ ಬಗೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ರೊದ್ದಂ ನರಸಿಂಹ ಅವರು 1984ರಿಂದ 1993ರವರೆಗೆ ಅದರ ನಿರ್ದೇಶಕರಾಗಿದ್ದರು. 2020ರಲ್ಲಿ ಅವರು ತೀರಿಕೊಂಡರು.

ಆದರೆ ಸುರಂಗವೆಂದರೆ ಕೆರೆಯಲ್ಲಿ ಈಜು ಕಲಿತಂತೆ. ಕಡಲು ಬೇರೆ. ಮಾದರಿ ಚಿಕ್ಕದು, ಸುತ್ತ ಗೋಡೆಗಳಿವೆ, ಗಾಳಿ ಹದವಾಗಿದೆ. ಕೊನೆಗೆ ಆಕಾಶದಲ್ಲಿಯೇ ಅಳೆಯಬೇಕು. ಅಲ್ಲಿ ಸಹಾಯಕ್ಕೆ ಬರುವುದು ಡಾಪ್ಲರ್ ಪರಿಣಾಮ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಅಲ್ಲಿ ನಿಂತವರಿಗೆ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಹತ್ತಿರ ಬರುವಾಗ ಏರಿದ ದನಿಯಲ್ಲೂ ದಾಟಿಹೋದೊಡನೆ ತಗ್ಗಿದ ದನಿಯಲ್ಲೂ ಕೇಳುತ್ತದೆ. ಬೆಳಕಿಗೂ ಹೀಗೆಯೇ ಆಗುತ್ತದೆ. ಎದುರು ಬರುವ ಕಣಕ್ಕೆ ತಾಗಿ ಹಿಂದಿರುಗಿದ ಲೇಸರಿನ ಕಂಪನಾಂಕ ತುಸು ಏರುತ್ತದೆ. ವಿಮಾನದ ವೇಗ ಸೆಕೆಂಡಿಗೆ 200 ಮೀಟರ್ ಇದ್ದರೂ ಈ ಏರಿಕೆ ಹತ್ತು ಲಕ್ಷದಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುವುದು ಹೇಗೆ? ಯಕ್ಷಗಾನದ ಚೌಕಿಯಲ್ಲಿ ಮದ್ದಳೆಯ ಶ್ರುತಿ ಕೂಡಿಸುವುದನ್ನು ನೋಡಿದವರಿಗೆ ತಿಳಿದೀತು. ಎರಡು ಸ್ವರಗಳು ಕೂದಲೆಳೆಯಷ್ಟು ಬೇರೆಯಾಗಿದ್ದರೆ ಎರಡೂ ಸೇರಿ ಅಲೆಯಂತೆ ಏರಿ ಇಳಿಯುವ ದನಿ ಕೇಳುತ್ತದೆ. ವ್ಯತ್ಯಾಸ ಎಷ್ಟೋ ಏರಿಳಿತ ಅಷ್ಟು. ಹೋದ ಬೆಳಕಿನ ಒಂದಂಶವನ್ನೂ ಬಂದ ಬೆಳಕನ್ನೂ ಬೆರೆಸಿ ಆ ಏರಿಳಿತವನ್ನು ಎಣಿಸಿದರೆ ಗಾಳಿಯ ವೇಗ ಸಿಕ್ಕಿತು. ಈ ಉಪಕರಣಕ್ಕೆ ಲಿಡಾರ್ ಎಂದು ಹೆಸರು.

1980ರ ದಶಕದ ಆರಂಭದಲ್ಲಿಯೇ ಬ್ರಿಟನ್ನಿನ ವಿಜ್ಞಾನಿಗಳು ಎಚ್‌ಎಸ್-125 ಎಂಬ ಸಣ್ಣ ಜೆಟ್ ವಿಮಾನದ ಮೂಗಿನಲ್ಲಿ 'ಲಾಟಾಸ್' ಎಂಬ ಇಂಗಾಲಾಮ್ಲ ಲೇಸರಿನ ಯಂತ್ರವನ್ನಿಟ್ಟು ಹಾರಿಸಿದರು. ವಿಮಾನ ಇನ್ನೂ ಮುಟ್ಟದ, ಅದರಿಂದ ಕದಡದ ಗಾಳಿಯ ವೇಗವನ್ನು ಅದು ಮುಂದಾಗಿಯೇ ಹೇಳುತ್ತಿತ್ತು. ಮುಂದೆ ಯುರೋಪಿನಲ್ಲಿ ವಿಮಾನದ ಮೈಗೆ ಹೊಂದಿಸಿದ ಕಿಟಕಿಯ ಮೂಲಕ, ಮೈಗಂಟಿದ ನಿಧಾನದ ಗಾಳಿಪದರದ ಆಚೆ ಲೇಸರನ್ನು ಕೇಂದ್ರೀಕರಿಸಿ ವೇಗ ಅಳೆಯುವ ಪ್ರಯೋಗಗಳೂ ನಡೆದವು. ಕಿಟಕಿಗೆ ಬಾಯಿಲ್ಲ, ಹುಳು ಗೂಡು ಕಟ್ಟಲಾರದು. ಕೊಳವೆಯೂ ಬೆಳಕೂ ಬೇರೆ ಬೇರೆ ಕಾರಣಗಳಿಗೆ ಕೆಡುವಂಥವು. ಒಂದು ತಪ್ಪಿದಾಗ ಇನ್ನೊಂದು ಸಾಕ್ಷಿ ಹೇಳಬಲ್ಲದೆಂಬುದೇ ಇದರ ಬೆಲೆ.

ಇನ್ನು ಈ ವಿಷಯ ನಮ್ಮ ಮನೆಯೊಳಗೆ ಬಂದ ಸಂಗತಿ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರಿನ ಮೇಲೆ ಗಾಳಿಯ ಕ್ಷೋಭೆಗೆ ಸಿಕ್ಕಿತು. ಕೆಲವೇ ಸೆಕೆಂಡುಗಳ ಕುಲುಕಾಟದಲ್ಲಿ ಬೆಲ್ಟ್ ಹಾಕದವರು ಸೀಟಿನಿಂದ ಮೇಲಕ್ಕೆಸೆಯಲ್ಪಟ್ಟರು. ಹಲವರಿಗೆ ಗಾಯವಾಯಿತು, ಒಬ್ಬರು ತೀರಿಕೊಂಡರು. ಬ್ರಹ್ಮಾವರದಲ್ಲಿರುವ ನನ್ನ ತಂಗಿ ಆ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡಿದಳು. ದುಬೈಯಲ್ಲಿರುವ ಮಗಳ ಬಾಣಂತನಕ್ಕೆ ಅವಳು ಜುಲೈಯಲ್ಲಿ ಹೊರಡಬೇಕಿತ್ತು. ಹೋಗುವುದಿಲ್ಲವೆಂದು ಕುಳಿತಳು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜೀವಗಳು ಹೋದದ್ದನ್ನೂ ಅದರ ಜತೆ ಸೇರಿಸಿದಳು. ಅದರ ಕಾರಣ ಬೇರೆ, ಇಳಿಯುವಾಗಿನ ನಿರ್ಧಾರದ್ದು, ಗಾಳಿಯದಲ್ಲ ಎಂದೆ. "ಅಣ್ಣ, ಕಾಣದ ಗಾಳಿಯನ್ನು ಪೈಲಟ್ ಆದರೂ ಹೇಗೆ ಕಾಣುತ್ತಾನೆ?" ಎಂದು ಕೇಳಿದಳು. ಅತ್ತ ಮಗಳು ಚೊಚ್ಚಲ ಬಸುರಿ, ದಿನಕ್ಕೆರಡು ಬಾರಿ ಫೋನು. ಏನೋ ಒಂದು ಸಮಾಧಾನ ಹೇಳಿ ಕಳಿಸಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದೆ.

ವಿಮಾನದ ರಾಡಾರ್ ಮಳೆಹನಿಗಳನ್ನು ಕಾಣುತ್ತದೆ. ಮೋಡವಿಲ್ಲದ ಆಕಾಶದ ಕ್ಷೋಭೆ ಅದಕ್ಕೆ ಕಾಣುವುದಿಲ್ಲ. ಲಿಡಾರಿಗೆ ಕಾಣಬಲ್ಲದು. ಜಪಾನಿನ ಜಾಕ್ಸಾ ಸಂಸ್ಥೆಯ ಲಿಡಾರನ್ನು 2018ರಲ್ಲಿ ಬೋಯಿಂಗ್ ಕಂಪನಿ 777 ಸರಕು ವಿಮಾನವೊಂದರಲ್ಲಿಟ್ಟು ಪರೀಕ್ಷಿಸಿತು. ಸುಮಾರು 17 ಕಿ.ಮೀ. ಮುಂದಿನವರೆಗೂ ಗಾಳಿಯನ್ನು ನೋಡಬಲ್ಲ ಯಂತ್ರವದು. ಅಷ್ಟು ದೂರವನ್ನು ಕ್ರಮಿಸಲು ಜೆಟ್ ವಿಮಾನಕ್ಕೆ ಒಂದು ನಿಮಿಷ ಬೇಕು. ಬಿಸಿನೀರಿನ ಲೋಟ ಕೆಳಗಿಟ್ಟು, ಕುಳಿತು, ಬೆಲ್ಟ್ ಬಿಗಿದುಕೊಳ್ಳಲು ಅಷ್ಟು ಸಾಕು. ನೆಲದ ಮೇಲೆ ಈ ಕೆಲಸ ಆಗಲೇ ನಡೆದಿದೆ: ಬೆಟ್ಟದ ಬದಿಯ ಹಾಂಗ್‌ಕಾಂಗ್ ವಿಮಾನ ನಿಲ್ದಾಣದಲ್ಲಿ 2002ರಿಂದಲೇ ಲಿಡಾರ್ ಗಾಳಿಯನ್ನು ಕಾಯುತ್ತಿದೆ.

ತೊಡಕು ಇರುವುದು ಎತ್ತರದಲ್ಲಿ. ನಮ್ಮ ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಸುವ ಕಡಲುಪ್ಪಿನ ಕಣಗಳು ಲಿಡಾರಿಗೆ ನೆಂಟರು. ಕೆಳಗಿನ ಗಾಳಿಯಲ್ಲಿ ಅಂಥವು ಬೇಕಷ್ಟಿವೆ. ಹತ್ತು ಕಿ.ಮೀ. ಮೇಲೆ ಗಾಳಿ ಶುಭ್ರ, ಕಣಗಳು ವಿರಳ, ಹಿಂದಿರುಗುವ ಬೆಳಕು ಕ್ಷೀಣ. ಆಗ ಗಾಳಿಯ ಅಣುಗಳಿಂದಲೇ ಚದುರಿದ ಬೆಳಕನ್ನು ಹಿಡಿಯಬೇಕಾಗುತ್ತದೆ. ಆಕಾಶ ನೀಲಿಯಾಗಿ ಕಾಣುವುದು ಈ ಚದುರಿಕೆಯಿಂದ. 1921ರಲ್ಲಿ ಹಡಗಿನಲ್ಲಿ ಬರುತ್ತಿದ್ದಾಗ ರಾಮನ್ ಅವರು ಕಡಲಿನ ನೀಲಿಯೂ ನೀರಿನ ಅಣುಗಳ ಇಂಥದೇ ಕೆಲಸವೆಂದು ಪ್ರತಿಪಾದಿಸಿದರು. ಯುರೋಪಿನ ಏಯೊಲಸ್ ಉಪಗ್ರಹ 2018ರಿಂದ 2023ರವರೆಗೆ, 300 ಕಿ.ಮೀ.ಗೂ ಹೆಚ್ಚು ಎತ್ತರದಿಂದ ನೇರಳಾತೀತ ಲೇಸರ್ ಬಿಟ್ಟು, ಅಣುಗಳಿಂದಲೂ ಕಣಗಳಿಂದಲೂ ಮರಳಿದ ಬೆಳಕಿನಿಂದ ಭೂಮಿಯ ಗಾಳಿಯನ್ನು ಅಳೆಯಿತು. ಸಾಧ್ಯವೆಂಬುದು ಸಿದ್ಧವಾಗಿದೆ. ಆದರೆ ನಾವು ನೀವು ಹತ್ತುವ ವಿಮಾನಗಳಲ್ಲಿ ಇಂಥ ಯಂತ್ರ ಇನ್ನೂ ಸಾಮಾನ್ಯವಾಗಿಲ್ಲ. ಬೆಲೆ, ತೂಕ, ಸಾಕಷ್ಟು ಶಕ್ತಿಯ ಲೇಸರ್, ವರ್ಷಗಟ್ಟಲೆ ಕೆಡದ ಬಾಳಿಕೆ ಇವೆಲ್ಲ ಇನ್ನೂ ಹದಕ್ಕೆ ಬರಬೇಕು.

ತಂಗಿಗೆ ಇಷ್ಟನ್ನೂ ಹೇಳಿ, ಕೊನೆಗೆ ಅಂದೆ: "ಯಂತ್ರ ಇನ್ನೂ ಬಂದಿಲ್ಲ. ಆದರೆ ಕ್ಷೋಭೆಗೆ ಸಿಕ್ಕಿ ವಿಮಾನ ಮುರಿದುಬೀಳುವುದು ಅತಿ ಅಪರೂಪ. ಪೆಟ್ಟು ಬೀಳುವುದು ಹೆಚ್ಚಾಗಿ ಬೆಲ್ಟ್ ಇಲ್ಲದವರಿಗೆ. ದೀಪ ಆರಿದರೂ ನೀನು ಬೆಲ್ಟ್ ತೆಗೆಯಬೇಡ." ಅವಳು ಒಂದು ಮಾತನ್ನೂ ಆಡದೆ ಎದ್ದುಹೋದಳು. ಎರಡು ದಿನ ಬಿಟ್ಟು, ಬಾಣಂತಿಗೆ ಬೇಕಾದ ಕಷಾಯದ ಪುಡಿಗಳನ್ನು ಕಟ್ಟುತ್ತಿದ್ದಾಳೆಂದು ಭಾವ ಫೋನು ಮಾಡಿದರು.

ಹೋದಳು, ಮೂರು ತಿಂಗಳು ಮೊಮ್ಮಗನನ್ನು ಮೀಯಿಸಿ ಬಂದಳು. ದುಬೈ ತಲಪುವವರೆಗೂ ಬೆಲ್ಟ್ ತೆಗೆಯಲಿಲ್ಲವಂತೆ. ಪಕ್ಕದ ಸೀಟಿನ ಹುಡುಗನಿಗೂ ಹಾಕಿಸಿದಳಂತೆ. ಬಂದವಳು ನನ್ನನ್ನು ಕೇಳಿದ್ದು ಮಾತ್ರ ಮಗುವಿನ ವಿಷಯವಲ್ಲ: "ನೀನು ಹೇಳಿದ ಆ ಬೆಳಕಿನ ಯಂತ್ರ ಯಾವಾಗ ಬರುತ್ತದೆ?" ನನಗೆ ಉತ್ತರ ತಿಳಿಯದ ಕಾರಣ ಬೆಂಗಳೂರಿನ ಆ ಹಳೆಯ ವಿದ್ಯಾರ್ಥಿಗೆ ಪ್ರಶ್ನೆಯನ್ನು ದಾಟಿಸಿದೆ. ಅವನ ಉತ್ತರ ಮರುದಿನ ಬಂತು: "ಕೆಲಸ ನಡೆಯುತ್ತಿದೆ ಸರ್. ಅಮ್ಮನವರು ಅಲ್ಲಿಯವರೆಗೆ ಬೆಲ್ಟ್ ಹಾಕಿಕೊಂಡೇ ಇರಲಿ."